ಡೀಸೆಲ್ ಇಂಜಿನ್ ಬರುವ ತನಕ

ಸಾಲಿಗ್ರಾಮ
ಆಗಸ್ಟ್ 11, ಸೋಮವಾರ

ಪ್ರೀತಿಯ ಗೋಮತಿ ಅಕ್ಕನಿಗೆ ತಮ್ಮ ವಿಷ್ಣುಮೂರ್ತಿಯ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಸೌಖ್ಯ. ನೀನು, ಮಗಳು ಯಾಮಿನಿ, ಅಳಿಯಂದಿರು, ಮೊಮ್ಮಗ ರಜತ್ ಎಲ್ಲರೂ ಡೊಂಬಿವಲಿಯಲ್ಲಿ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ರಜತನಿಗೆ ಜ್ವರ ಬಿಟ್ಟಿತಂತೆ, ಯಾಮಿನಿ ಮೆಸೇಜು ಹಾಕಿದ್ದಳು. ನಿನಗೆ ಕಾಗದ ಬರೆಯದೆ ಮೂರು ತಿಂಗಳಾಯಿತು, ಬೈದುಕೊಳ್ಳಬೇಡ. ಬೈದರೂ ತಪ್ಪಿಲ್ಲ.

ಕಳೆದ ವಾರ ಯಾಮಿನಿ ನಿನ್ನ ಕೈಗೆ ಫೋನ್ ಕೊಟ್ಟಾಗ ನೀನು ನನ್ನ ಗೆಳೆಯನ ವಿಷಯವಾಗಿ ಒಂದೇ ಮಾತು ಕೇಳಿದೆ. "ಗುಡ್ಡನ್ನ ಒಂದ್ ಗಳ್ಗಿ ಮನಿಗೆ ಬಿಡೂಕೆ ಆಯ್ಲಿಲ್ಯಾ ನಿಂಗೆ?" ನಾನು "ಹಲೋ ಹಲೋ, ಕೇಂತಿಲ್ಲ" ಎಂದು ಕಟ್ ಮಾಡಿದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು ಅಕ್ಕ. ಆದರೆ ನಿನ್ನ ಕಿವಿಗೆ ಕೇಳಿಸಬೇಕಾದರೆ ನಾನು ಕಿರುಚಬೇಕು, ಫೋನಿನಲ್ಲಿ ನಿನ್ನ ಹತ್ತಿರ ಮಾತಾಡುವುದೆಂದರೆ ಇಡೀ ಕೇರಿಗೆ ಡಂಗುರ ಹೊಡೆದ ಹಾಗೆ. ಇದು ಕಿರುಚಿ ಹೇಳುವ ವಿಷಯ ಅಲ್ಲ. ಆದ್ದರಿಂದ ಕಾಗದ ಹಿಡಿದು ಕೂತಿದ್ದೇನೆ.

ನಡೆದದ್ದು ಹೀಗೆ. ಜುಲೈ ಇಪ್ಪತ್ತೊಂದರ ಸಂಜೆಯಿಂದಲೇ ಗಾಳಿ. ಮಾರನೆಯ ದಿನ ಮಂಗಳವಾರ ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಡ್ಯೂಟಿಗೆ ಹೋಗುವಾಗ ದಾರಿಯಲ್ಲಿ ನಾಲ್ಕು ಕಡೆ ಮರ ಬಿದ್ದಿತ್ತು. ಸ್ಟೇಷನ್ನಿಗೆ ಕಾಲಿಡುವಷ್ಟರಲ್ಲಿ ಕಂಟ್ರೋಲಿನ ಫೋನು ಬಡಿದುಕೊಳ್ಳುತ್ತಿತ್ತು. ಕಂಟ್ರೋಲ್ ಅಂದರೆ ಯಾವ ರೈಲು ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂದು ನಮ್ಮಂಥ ಸ್ಟೇಷನ್ ಮಾಸ್ತರರಿಗೆಲ್ಲ ಆರ್ಡರ್ ಕೊಡುವ ಆಫೀಸು, ನಿನಗೆ ಹಿಂದೆ ಹೇಳಿದ್ದೆ. ಬೈಂದೂರಿನಿಂದ ಆಚೆ ಎರಡು ಕಡೆ ಧರೆ ಜರಿದು ಹಳಿಯ ಮೇಲೆ ಕೂತಿದೆ, ಒಂದು ಕಡೆ ಹಳಿಯ ಅಡಿಯ ಮಣ್ಣೇ ತೊಳೆದುಹೋಗಿದೆ, ಲೈನ್ ಬಂದ್ ಅಂದರು. ಈಚೆ ಕುಂದಾಪುರದವರೆಗೂ ಮರಗಳು ಮೇಲಿನ ಕರೆಂಟಿನ ತಂತಿಗೆ ಜೋತುಬಿದ್ದು ಕರೆಂಟೂ ಇಲ್ಲ.

ಆಮೇಲೆ ಶುರುವಾಯಿತು ನೋಡು ಮೆರವಣಿಗೆ. ಉತ್ತರದಿಂದ ಬರಬೇಕಿದ್ದ ಗೂಡ್ಸುಗಳನ್ನೆಲ್ಲ ಮಡಗಾಂವಿನಲ್ಲೇ ತಿರುಗಿಸಿ, ಲೋಂಡಾ, ಹುಬ್ಬಳ್ಳಿ, ಹಾಸನ, ಸಕಲೇಶಪುರ ಎಂದು ಸುತ್ತಿಸಿ ಮಂಗಳೂರಿಗೆ ತರುವುದು. ಸುತ್ತಿ ಬಳಸಿ ಮೂಗು ಹಿಡಿಯುವುದು ಅನ್ನುತ್ತಾರಲ್ಲ, ಅದೇ. ಇಲ್ಲಿ ನಡುವೆ ಸಿಕ್ಕಿಕೊಂಡ ಗಾಡಿಗಳನ್ನು ಒಂದೊಂದಾಗಿ ದಕ್ಷಿಣಕ್ಕೆ ಎಳೆದು ತೆಗೆಯುವುದು. ಇರುವುದು ಒಂದೇ ಹಳಿ. ಪ್ಯಾಸೆಂಜರ್ ಗಾಡಿ ಮೊದಲು, ಆಮೇಲೆ ಗ್ಯಾಸಿನ ಟ್ಯಾಂಕರು, ಆಮೇಲೆ ಗೊಬ್ಬರ, ಕಲ್ಲಿದ್ದಲು. ಬ್ರಹ್ಮಾವರಕ್ಕೂ ಕುಂದಾಪುರಕ್ಕೂ ನಡುವಿನ ನನ್ನ ಈ ಪುಟ್ಟ ಸ್ಟೇಷನ್ನಿನಲ್ಲಿ ದಿನಕ್ಕೆ ಎರಡು ಗಾಡಿ ನಿಂತರೆ ಹಬ್ಬ. ಅವತ್ತು ಕಂಟ್ರೋಲಿನವರು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಸುಳ್ಳು ಯಾಕೆ, ಅದು ನನಗೆ ಸ್ವಲ್ಪ ಹಿತವಾಗಿಯೇ ಇತ್ತು.

ಆರೂವರೆಗೆ ಬಂದು ನಮ್ಮಲ್ಲಿ ನಿಂತದ್ದು ರೋ-ರೋ ಗಾಡಿ. ಲಾರಿಗಳನ್ನು ಡ್ರೈವರ್ ಸಮೇತ ವ್ಯಾಗನ್ನಿನ ಮೇಲೆ ಹತ್ತಿಸಿಕೊಂಡು ಹೋಗುವ ಗಾಡಿ ಅದು. ಸುರತ್ಕಲ್ಲಿನಲ್ಲಿ ಹತ್ತಿಸಿದರೆ ನಿಮ್ಮ ಕಡೆ ಕೋಲಾಡಿನಲ್ಲಿ ಇಳಿಸುವುದು. ಇದನ್ನು ಬೇರೆ ದಾರಿಗೆ ತಿರುಗಿಸುವ ಹಾಗಿಲ್ಲ, ಲಾರಿಯ ಎತ್ತರಕ್ಕೆ ಘಾಟಿಯ ಸುರಂಗಗಳು ಆಗಿಬರುವುದಿಲ್ಲ. ನಮ್ಮಲ್ಲಿ ಇಳಿಸುವ ಹಾಗೂ ಇಲ್ಲ, ಅದಕ್ಕೆ ಬೇಕಾದ ದಿಬ್ಬ ಇರುವುದು ಸುರತ್ಕಲ್ಲಿನಲ್ಲಿ. ಹಾಗಾಗಿ ಗಾಡಿ ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಅದು ಬಂದು ನಿಂತ ಮೇಲೆ ನಮ್ಮಲ್ಲಿಯೂ ತಂತಿಯ ಕರೆಂಟು ಹೋಗಿ ಅದರ ಇಂಜಿನ್ ಸತ್ತು ಕೂತಿದೆ, ಎಳೆಯಲು ಡೀಸೆಲ್ ಇಂಜಿನ್ನೇ ಬರಬೇಕು. ಅಲ್ಲಿಯವರೆಗೆ ಮೂವತ್ತಾರು ಲಾರಿ, ಮೂವತ್ತಾರು ಡ್ರೈವರು ನನ್ನ ಲೂಪ್ ಲೈನಿನಲ್ಲಿ, ಎಂದರೆ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ. ಲಾರಿ ವ್ಯಾಗನ್ನಿನ ಮೇಲಿರುವಷ್ಟು ಹೊತ್ತು ಡ್ರೈವರು ಅದನ್ನು ಬಿಟ್ಟು ಹೋಗಕೂಡದು, ಅದು ನಿಯಮ.

ಅದರಲ್ಲಿ ಹನ್ನೊಂದನೆಯ ಲಾರಿ ನಮ್ಮ ಗುಡ್ಡನದು, ತೆಂಗಿನಕಾಯಿ ಲೋಡು.

ಅವನ ತಾಯಿ ಮುತ್ತು ಅಬ್ಬಿಯ ಬಗ್ಗೆ ನಿನಗೆ ನಾನು ಹೇಳಬೇಕೆ? ನೀನೇ ಅವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲವಂತೆ, ಅಮ್ಮ ಹೇಳುತ್ತಿದ್ದಳು. ಮೀನಿನ ಬುಟ್ಟಿಯನ್ನು ಗೇಟಿನ ಆಚೆ ಇಳಿಸಿ, ಕೈಕಾಲು ತೊಳೆದು, ಸೆರಗಿನಿಂದ ಬೇಯಿಸಿದ ನೆಲಗಡಲೆ ತೆಗೆದು ನಮ್ಮಿಬ್ಬರ ಕೈಗೆ ಹಾಕುತ್ತಿದ್ದಳು. ನಮ್ಮನ್ನು ಹಡೆಯಲಿಲ್ಲ ಎನ್ನುವುದೊಂದು ಬಿಟ್ಟರೆ ಬೈಯುವುದರಲ್ಲಿ ಅಮ್ಮನಿಗಿಂತ ಒಂದು ಕೈ ಮೇಲೆ. ಗಂಡ ಕಡಲಲ್ಲಿ ಹೋದಾಗ ಗುಡ್ಡನಿಗೆ ಒಂಬತ್ತು ವರ್ಷ, ನನಗೂ ಅಷ್ಟೇ. ಹೆಣ ಸಿಕ್ಕಲೇ ಇಲ್ಲ. ಅವಳು ಅಷ್ಟು ಅತ್ತದ್ದು ಗಂಡ ಸತ್ತದ್ದಕ್ಕಿಂತ, ಅವನ ಬಾಯಿಗೆ ಕೊನೆಗೆ ಹೋದದ್ದು ಉಪ್ಪುನೀರು ಎನ್ನುವುದಕ್ಕೆ. "ನಂಗಾರೂ ಸೀ ನೀರ್ ಸಿಕ್ಕಲಿ, ಮಗನ್ ಕೈಯಂಗೆ" ಎನ್ನುವುದು ಅವಳ ಬಾಯಲ್ಲಿ ಯಾವಾಗಲೂ ಇತ್ತು. ಅದಕ್ಕಾಗಿಯೇ ಗುಡ್ಡನನ್ನು ದೋಣಿ ಹತ್ತಲು ಬಿಡಲಿಲ್ಲ. ಕೋಡಿಯ ಕಡಲ ದಂಡೆಯಲ್ಲಿ ಹುಟ್ಟಿದವನು ಬಲೆ ಮುಟ್ಟದೆ ಲಾರಿ ಡ್ರೈವರಾದ. ಓರಗೆಯವರೆಲ್ಲ ನಗಾಡಿದರೂ ತಾಯಿಯ ಮಾತು ಮೀರಲಿಲ್ಲ.

ಅವಳು ಹದಿನೈದು ದಿನದಿಂದ ಮಲಗಿದ್ದಳು. ಡಾಕ್ಟರು ಇನ್ನೂ ಒಂದು ತಿಂಗಳು ಎಂದಿದ್ದರು, ಆ ಧೈರ್ಯದ ಮೇಲೆ ಇವನು ಲೋಡು ಹಿಡಿದು ಹೊರಟದ್ದು. ನೋಡು, ಬಿರುಗಾಳಿ ಬಂದು ಅವನನ್ನು ಮನೆಯಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ ತಂದು ನಿಲ್ಲಿಸಿತು. ಹೈವೇಗೆ ಬಂದು ಸಾಸ್ತಾನದ ಟೋಲ್ ದಾಟಿ ಎಡಕ್ಕೆ ತಿರುಗಿದರೆ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ.

ಹನ್ನೊಂದೂಕಾಲಿಗೆ ಗುಡ್ಡ ನನ್ನ ಕೋಣೆಯ ಬಾಗಿಲಿಗೆ ಬಂದ. ಮುಖ ನೋಡಿದರೆ ರಕ್ತ ಇರಲಿಲ್ಲ. "ವಿಷ್ಣು, ಮನಿಯಿಂದ ಸುಗುಣ ಫೋನ್ ಮಾಡಿತ್ತ್. ಅಬ್ಬಿ ಕಣ್ ಬಿಡ್ತಿಲ್ಲ ಅಂಬ್ರ್. ಒಂದ್ ಗಂಟಿ ಬಿಡ್ ಮಾರಾಯಾ, ಬಾಯಿಗ್ ಒಂದ್ ಹನಿ ನೀರ್ ಬಿಟ್ಟ್ ಬತ್ತೆ."

ಸುಗುಣ ಅವನ ಹೆಂಡತಿ, ನೀನು ಮದುವೆಯಲ್ಲಿ ನೋಡಿದ್ದೀ, ಕೋಟೇಶ್ವರದ ಹುಡುಗಿ.

ನಾನು ಎರಡು ಫೋನುಗಳ ನಡುವೆ ಇದ್ದೆ. "ಇಂಜಿನ್ ಯಾವ ಗಳ್ಗಿಯಂಗೂ ಬಪ್ದೇ ಗುಡ್ಡ. ನೀ ಇಲ್ದಿದ್ರೆ ಗಾಡಿ ಹ್ಯಾಂಗೆ ಬಿಡೂದ್? ನಂಗೆ ಆತಿಲ್ಲ" ಎಂದೆ.

ಅವನ ಹಿಂದೆಯೇ ಪಕ್ಕದ ಲಾರಿಯ ಉಲ್ಲಾಸ್ ಎಂಬವನು ಬಂದ, ಬೈಂದೂರಿನವನು, ಒಳ್ಳೆಯ ಹುಡುಗ. "ಮಾಸ್ಟ್ರೇ, ಅವ್ನ್ ಲಾರಿ ನಾನ್ ಕಂಡ್ಕಂತೆ. ಹಿಂದೆ ಸುರತ್ಕಲ್ಲಿಗೇ ಅಲ್ದಾ ಹೋಪ್ದ್, ಅಲ್ಲಿ ನಾನೇ ಇಳ್ಸಿ ಕೊಡ್ತೆ. ಅವ ಹೋಯ್ಲಿ" ಎಂದ. ಒಬ್ಬ ಡ್ರೈವರು ಎರಡು ಲಾರಿ ಇಳಿಸುವ ಹಾಗಿಲ್ಲ ಎಂದು ಅವನಿಗೂ ನಿಯಮ ಹೇಳಿದೆ. ಗುಡ್ಡ ಅಲ್ಲಿಂದಲೇ ತಿರುಗಿದ. ಹೋಗಿ ಲಾರಿಯಲ್ಲಿ ಕೂತ.

ಅವನು ಯಾಕೆ ಹಾರಿ ಓಡಲಿಲ್ಲ ಎಂದು ನೀನು ಕೇಳಬಹುದು. ನಾನು ಇಂಜಿನ್ ಬರುತ್ತದೆ ಎಂದೆ, ಅವನು ನಂಬಿದ. ಅವನು ಓಡಿಹೋಗಿ ಗಾಡಿ ತಡವಾದರೆ ನನ್ನ ಕೆಲಸಕ್ಕೆ ಕುತ್ತು, ನವೆಂಬರಿನಲ್ಲಿ ರಿಟೈರ್ ಆಗುವವನಿಗೆ ತೊಂದರೆ ಆಗಬಾರದು ಎಂದು ಕೂತನಂತೆ. ಇದನ್ನು ನನಗೆ ಆಮೇಲೆ ಉಲ್ಲಾಸ್ ಹೇಳಿದ.

ಮಧ್ಯಾಹ್ನ ಹೇಗೆ ಹೋಯಿತೋ ಗೊತ್ತಿಲ್ಲ. ಒಂದು ಪ್ಯಾಸೆಂಜರ್ ಗಾಡಿ ಬಂತು, ಜನ ಇಳಿದು ನೀರು ಕೇಳಿದರು, ಒಬ್ಬಳು ಬಸುರಿಗೆ ಕೂರಲು ನನ್ನ ಕುರ್ಚಿ ಕೊಟ್ಟೆ. ಗ್ಯಾಸಿನ ಟ್ಯಾಂಕರುಗಳು ದಾಟಿದವು. ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಚಂದು ಬಾವುಟ ಹಿಡಿದು ಹಿಡಿದು ಕೈ ಎತ್ತಲಾರದೆ ಕೂತುಬಿಟ್ಟ. ನಾಲ್ಕೂಕಾಲಿಗೆ ಕಿಟಕಿಯಿಂದ ನೋಡುತ್ತೇನೆ, ಗುಡ್ಡ ವ್ಯಾಗನ್ನಿನಿಂದ ಇಳಿದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಜಲ್ಲಿಯ ಮೇಲೆ ನಡೆದು ಹೋಗುತ್ತಿದ್ದಾನೆ. ನಾನು ಕರೆಯಲಿಲ್ಲ. ಫೋನ್ ಬಂದಿತ್ತು ಅವನಿಗೆ. ಮುತ್ತು ಅಬ್ಬಿ ನಾಲ್ಕಕ್ಕೆ ಹೋದಳು. ಬಾಯಿಗೆ ನೀರು ಬಿಟ್ಟದ್ದು ಸುಗುಣ.

ಡೀಸೆಲ್ ಇಂಜಿನ್ ಬಂದದ್ದು ಮರುದಿನ ಬೆಳಿಗ್ಗೆ ಏಳು ಇಪ್ಪತ್ತಕ್ಕೆ. ಗಾಡಿ ನಮ್ಮಲ್ಲಿ ಇಪ್ಪತ್ತೈದು ಗಂಟೆ ನಿಂತಿತ್ತು. ಗುಡ್ಡನ ಲಾರಿಯನ್ನು ಸುರತ್ಕಲ್ಲಿನಲ್ಲಿ ಉಲ್ಲಾಸನೇ ಇಳಿಸಿದ. ಅದಕ್ಕೆ ಒಪ್ಪಿಗೆ ಎಂದು ಸಹಿ ಹಾಕಿದವನೂ ನಾನೇ. ಹಿಂದಿನ ದಿನ ಆಗದ್ದು ಅವತ್ತು ಆಯಿತು.

ನೀನು ಕೇಳಿದ್ದು ಇದೇ ತಾನೆ, ಇಪ್ಪತ್ತೈದು ಗಂಟೆಯಲ್ಲಿ ಒಂದು ಗಂಟೆ ಬಿಡಬಹುದಿತ್ತಲ್ಲ ಎಂದು. ಅಕ್ಕ, ಅಂಥ ದಿನದಲ್ಲಿ ಯಾವ ಇಂಜಿನ್ ಯಾವಾಗ ಬರುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ? ನಮ್ಮಂಥವರು ಆರ್ಡರ್ ಕಾಯುವವರು. ಎಲ್ಲರಿಗೂ ಇದನ್ನೇ ಹೇಳಿದ್ದೇನೆ, ಎಲ್ಲರೂ ಹೌದು ಹೌದು ಎಂದಿದ್ದಾರೆ.

ಎಲ್ಲರಿಗಿಂತ ಜೋರಾಗಿ ಹೌದೆಂದವನು ಗುಡ್ಡನೇ. ಬೊಜ್ಜದ ದಿನ, ಅಬ್ಬಿಯ ಉತ್ತರಕ್ರಿಯೆಗೆ, ನಾನು ಹೋಗಿದ್ದೆ. ಅಂಗಳದಲ್ಲಿ ಅವನ ದೊಡ್ಡಪ್ಪನ ಮಗ ಗೋವರ್ಧನ ನನ್ನನ್ನು ಕಂಡವನೇ ಮುಖ ತಿರುಗಿಸಿ, "ದೊಡ್ ಆಫೀಸರ್ ಬಂದ್ರ್" ಎಂದ. ಗುಡ್ಡ ತಲೆ ಬೋಳಿಸಿಕೊಂಡು, ಬಿಳಿ ಪಂಚೆಯಲ್ಲಿ, ನನ್ನ ಕೈ ಹಿಡಿದು ಎಲ್ಲರ ನಡುವೆ ಕೂರಿಸಿದ. "ಹ್ವಾಯ್, ಯಾರೂ ಅವ್ನಿಗೆ ಎಂತದೂ ಹೇಳುಕಿಲ್ಲ. ಇಂಜಿನ್ ಬಪ್ದ್ ಅವ್ನ್ ಕೈಯಂಗ್ ಇತ್ತಾ? ಅವ ಅವ್ನ್ ಕೆಲ್ಸ ಮಾಡ್ದ" ಎಂದ. ನನಗೆಂದು ಬೇರೆ ಒಲೆಯಲ್ಲಿ ಕಾಯಿಸಿದ ಹಾಲು, ಬಾಳೆಹಣ್ಣು ತಂದಿಟ್ಟರು. ಆ ಹಾಲು ಕುಡಿದು ಎದ್ದೆ.

ಆದರೆ ಆ ಮನೆಯಲ್ಲಿ ಬೇರೆಯೇ ಒಂದು ನಡೆಯುತ್ತಿದೆ. ಗುಡ್ಡ ಹೆಂಡತಿಯ ಹತ್ತಿರ ಮಾತು ಬಿಟ್ಟಿದ್ದಾನೆ. ಅವಳು ಬಡಿಸಿದ್ದು ಉಣ್ಣುವುದಿಲ್ಲ, ಪಕ್ಕದಲ್ಲಿ ತಂಗಿಯ ಮನೆಯಲ್ಲಿ ಉಣ್ಣುತ್ತಾನೆ. ಅಬ್ಬಿಗೆ ಬೆಳಿಗ್ಗೆ ಎಂಟಕ್ಕೇ ಮೈ ತಣ್ಣಗಾಗಿತ್ತಂತೆ. ದಾರಿಯಲ್ಲಿರುವ ಗಂಡಸನ್ನು ಸುಮ್ಮನೆ ಹೆದರಿಸುವುದು ಬೇಡ, ಗಂಜಿ ಕುಡಿದರೆ ಸರಿಹೋಗುತ್ತದೆ ಎಂದು ಸುಗುಣ ಹನ್ನೊಂದರವರೆಗೆ ನೋಡಿದ್ದಾಳೆ. ಗುಡ್ಡನ ಲೆಕ್ಕ ಏನೆಂದರೆ, ಎಂಟಕ್ಕೆ ಹೇಳಿದ್ದರೆ ಇಂಜಿನ್ ಬರಲು ಇನ್ನೂ ಹೊತ್ತಿತ್ತು, ಹೋಗಿ ಬರಬಹುದಿತ್ತು. ಹನ್ನೊಂದರ ಮೇಲೆ ಇಂಜಿನ್ ಇನ್ನೇನು ಬಂತು ಎಂದಾಯಿತು. ಆ ಮೂರು ಗಂಟೆ ತಿಂದವಳು ಸುಗುಣ.

ನಾನು ಹೊರಡುವಾಗ ಅವಳು ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು, ಅತ್ತೆಯ ಬಟ್ಟೆ ಹಾಸಿಗೆ ಒಗೆದು ಕೈ ಸುಕ್ಕಿ ಹೋಗಿದೆ. "ಮಾಸ್ಟ್ರೇ, ನೀವಾರೂ ಒಂದ್ ಮಾತ್ ಹೇಳಿ ಕಾಣಿ. ನಾನ್ ಬೇಕಂದೇ ತಡ ಮಾಡಿದ್ದಲ್ಲ. ಹುಟ್ಟಿದ್ ಮಕ್ಕಳಾಣೆಗೂ ಅಲ್ಲ" ಎಂದಳು. ನಾನು ಹೂಂ ಎಂದು ತಲೆಯಾಡಿಸಿ ಸ್ಕೂಟರ್ ಹತ್ತಿದೆ.

ಇನ್ನು ಬೇರೆ ಸುದ್ದಿ ಎಂದರೆ ಲೈನ್ ಐದನೆಯ ದಿನ ಸರಿಯಾಯಿತು. ಹುಬ್ಬಳ್ಳಿ ಸುತ್ತಿ ಹೋಗುತ್ತಿದ್ದ ಗೂಡ್ಸುಗಳು ಮತ್ತೆ ನಮ್ಮ ದಾರಿ ಹಿಡಿದಿವೆ. ಆ ಐದು ದಿನ ಚೆನ್ನಾಗಿ ನಿಭಾಯಿಸಿದೆ ಎಂದು ಮೇಲಿನಿಂದ ನನಗೊಂದು ಮೆಚ್ಚುಗೆಯ ಪತ್ರ ಬಂದಿದೆ. ನಿನ್ನ ನಾದಿನಿ ಅದಕ್ಕೆ ಕಟ್ಟು ಹಾಕಿಸೋಣ ಎಂದಳು, ನಾನು ರೇಗಿದೆ. ಪಾಪ, ಅವಳಿಗೇನು ಗೊತ್ತು. ಹಟ್ಟಿಯಂಗಡಿ ಗಣಪತಿಗೆ ರಜತನ ಹೆಸರಿನಲ್ಲಿ ಹೇಳಿಕೊಂಡಿದ್ದೀಯಲ್ಲ, ಆ ಸೇವೆ ಈ ತಿಂಗಳು ಮಾಡಿಸಿ ಪ್ರಸಾದ ಕಳಿಸುತ್ತೇನೆ. ಕಿವಿಯ ಮಷಿನ್ನನ್ನು ಪೆಟ್ಟಿಗೆಯಲ್ಲಿ ಇಡಬೇಡ, ಕಿವಿಯಲ್ಲಿ ಇಟ್ಟುಕೋ.

ಯಾಮಿನಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ, ರಜತ ನೂರು ವರ್ಷ ಬಾಳಲಿ. ನಿನ್ನ ಆಶೀರ್ವಾದ ಈ ತಮ್ಮನ ಮೇಲೆ ಇರಲಿ ಎಂದು ಬರೆಯುವುದು ಪದ್ಧತಿ. ಈ ಸಲ ಪದ್ಧತಿಗೆ ಬರೆಯುತ್ತಿಲ್ಲ, ಕೇಳಿಕೊಳ್ಳುತ್ತಿದ್ದೇನೆ.

ಇತಿ ನಿನ್ನ ತಮ್ಮ,
ವಿಷ್ಣುಮೂರ್ತಿ

ತಾ.ಕ.: ಅಕ್ಕ, ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದಿದ್ದೇನೆ. ಯಾವ ಇಂಜಿನ್ ಯಾವಾಗ ಬರುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ ಎಂದು ಬರೆದೆನಲ್ಲ, ನನಗೆ ಗೊತ್ತಿತ್ತು. ಹತ್ತು ನಲವತ್ತಕ್ಕೆ ಕಂಟ್ರೋಲಿನವರು ಹೇಳಿದ್ದರು, ರೋ-ರೋಗೆ ಇವತ್ತು ಇಂಜಿನ್ ಇಲ್ಲ, ನಾಳೆ ಬೆಳಿಗ್ಗೆಯೇ ಎಂದು. ನನ್ನ ಕೈಯಾರೆ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಗುಡ್ಡ ಬಂದು ಕೇಳಿದ್ದು ಹನ್ನೊಂದೂಕಾಲಿಗೆ.

ಯಾಕೆ ಹೇಳಲಿಲ್ಲ ಎಂದು ಹೇಳಿದರೆ ನೀನು ನನ್ನ ಮುಖ ನೋಡಲಿಕ್ಕಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಡ್ರೈವರುಗಳೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಚಾ ಕುಡಿಯುತ್ತಿದ್ದರು. ನಾನು ಟೋಪಿ ಹಾಕಿಕೊಂಡು, ಯಾರೂ ಲಾರಿ ಬಿಟ್ಟು ಹೋಗಬಾರದು ಎಂದು ಗತ್ತಿನಲ್ಲಿ ಹೇಳುತ್ತಿದ್ದೆ. ಗುಡ್ಡ ನಗಾಡುತ್ತ, "ಇವ್ನ್ ಗತ್ತ್ ಕಾಣಿ! ಒಂದ್ ಸಲ ದೋಣಿಯಂಗೆ ಕೂರ್ಸಿರೆ ಹೆದ್ರಿ ಚಡ್ಡಿ ಒದ್ದೆ ಮಾಡ್ಕಂಡಿದ್ ಗಂಡ್ ಇದ್!" ಎಂದ. ಮೂವತ್ತೈದು ಜನ ನಕ್ಕರು. ಚಂದುವೂ ನಕ್ಕ. ಅದು ಸಲಿಗೆಯ ಮಾತು, ಐವತ್ತು ವರ್ಷದಿಂದ ಹಾಗೆಯೇ ಮಾತಾಡಿಕೊಂಡು ಬಂದವರು ನಾವು. ಅವತ್ತು ಕಂಟ್ರೋಲಿನವರು ಹೆಸರು ಹಿಡಿದು ಕರೆದು ಕರೆದು ನನ್ನ ತಲೆ ತಿರುಗಿತ್ತು, ಸಿಟ್ಟು ಬಂತು. ಅವನು ಬಂದು ಕೇಳಿದಾಗ, ಕೇಳಲಿ, ಇನ್ನೊಂದು ಸಲ ಕೇಳಲಿ, ಆಗ ಬಿಡುತ್ತೇನೆ ಎಂದುಕೊಂಡೆ. ಅರ್ಧ ಗಂಟೆ ಕಾಯಿಸುವ ಅಂತ. ತಾಯಿ ಅಷ್ಟು ಬೇಗ ಹೋಗುತ್ತಾಳೆ ಎಂದು ನನಗೆ ಅನಿಸಲಿಲ್ಲ ಅಕ್ಕ. ಅವನು ಇನ್ನೊಂದು ಸಲ ಕೇಳಲಿಲ್ಲ. ಪ್ಯಾಸೆಂಜರ್ ಗಾಡಿ ಬಂತು, ಟ್ಯಾಂಕರ್ ಬಂತು, ನಾನು ಮರೆತೆ. ನಮಗೆ ನೆಲಗಡಲೆ ಕೊಟ್ಟ ಕೈಯವಳು ಅಲ್ಲಿ ಬಾಯಿ ತೆರೆದು ಮಗನ ದಾರಿ ನೋಡುತ್ತಿದ್ದಾಗ ನಾನು ಮರೆತಿದ್ದೆ.

ಹೋಗಿ ಎದುರು ನಿಂತು ಹೇಳೋಣ ಎಂದು ಎರಡು ಸಲ ಕೋಡಿಯ ತನಕ ಹೋದೆ. ಎರಡು ಸಲವೂ ಅವನು ಚಾ ಕೊಟ್ಟ, ಕುಡಿದು ಬಂದೆ. ನನ್ನ ಬಾಯಿಂದ ಹೊರಡುವುದಿಲ್ಲ. ಆದ್ದರಿಂದ ಇವತ್ತು ಬೆಳಿಗ್ಗೆ, ನಿನಗೆ ಬರೆಯುವ ಮೊದಲೇ, ಹತ್ತು ನಲವತ್ತರ ವಿಷಯವನ್ನೂ ಚಡ್ಡಿಯ ವಿಷಯವನ್ನೂ ಬಿಡದೆ ಬರೆದು, ಗುಡ್ಡನ ಹೆಸರಿಗೆ ಪೋಸ್ಟ್ ಮಾಡಿ ಬಂದಿದ್ದೇನೆ. ನಾಳೆಯೋ ನಾಡಿದ್ದೋ ತಲುಪುತ್ತದೆ. ಅವನಿಗೆ ಬರೆದದ್ದನ್ನು ನಿನಗೆ ಬರೆಯಲು ನಾಚಿಕೆಯಾಗಿ ಮೇಲೆ ಹಾಗೆ ಬರೆದೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಅವನಿಗೆ ಕೈಬರಹ ಓದಲು ಬರುವುದಿಲ್ಲ, ನಿನಗೆ ಗೊತ್ತಲ್ಲ. ಆ ಮನೆಗೆ ಬಂದ ಕಾಗದಗಳನ್ನೆಲ್ಲ ಒಡೆದು ಅವನಿಗೆ ಓದಿ ಹೇಳುವವಳು ಸುಗುಣ.